‘ಬರೀ’ ಅನ್ನೋ ಎರಡಕ್ಷರ



ನಮ್ಮ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ಮಡಕಶಿರಾ ಕಡೆ ಇಂಟರ್ ಮುಗಿಸಿದ ಹುಡುಗಿಯರನ್ನು "ಈಗ ಏನು ಮಾಡ್ತಾ ಇದ್ದೀಯಮ್ಮ?" ಅಂತ ಕೇಳಿ ನೋಡಿ. ಇಂಜಿನಿಯರಿಂಗ್ ಸೇರಿದವಳು "ಇಂಜಿನಿಯರಿಂಗ್" ಅನ್ನುತ್ತಾಳೆ. ನರ್ಸಿಂಗ್ ಓದುವವಳು "ನರ್ಸಿಂಗ್" ಅನ್ನುತ್ತಾಳೆ. ಚಿಕ್ಕ ಮಕ್ಕಳಿಗೆ ಟೀಚರ್ ಆಗಲು ಹೊರಟವಳು ಮಾತ್ರ ತಲೆ ತಗ್ಗಿಸಿ "ಬರೀ ನರ್ಸರಿ ಟ್ರೈನಿಂಗು", "ಬರೀ ಅಂಗನವಾಡಿ" ಅನ್ನುತ್ತಾಳೆ. ಇವತ್ತು ನಾನು ಬರೆಯುತ್ತಿರುವುದು ಈ ‘ಬರೀ’ ಅನ್ನೋ ಎರಡಕ್ಷರದ ಬಗ್ಗೆ. ನೋಡಲು ಚಿಕ್ಕ ಪದ. ಆದರೆ ಅದು ಆ ಹುಡುಗಿಯ ಬಾಯಿಂದ ಹೊರಟು ಮೂರು ವರ್ಷದ ಮಗುವಿನ ಮನಸ್ಸಿನವರೆಗೂ ಹೋಗುತ್ತದೆ. ಅದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಈ ಹುಡುಗಿಯರು ಯಾರು ಅಂತ ಹೇಳಬೇಕು. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಕಡಲೆಕಾಯಿ ಬಿಡಿಸಿ, ಹುಣಸೆಹಣ್ಣು ಕುಟ್ಟಿ, ಅದರ ನಡುವೆ ಪರೀಕ್ಷೆ ಬರೆದವರು. ಇವರಲ್ಲಿ ಕೆಲವರು ಶಿರಾ, ಮಧುಗಿರಿ, ಪಾವಗಡ, ತುಮಕೂರಿಗೆ ಹೋಗಿ ತರಬೇತಿ ಪಡೆಯುತ್ತಾರೆ. ಕೆಲವರು ಇಲ್ಲೇ ಡಿ.ಇಎಲ್.ಇಡಿ. ಮಾಡುತ್ತಾರೆ. ಮದುವೆಯಾಗಿ ಊರಿಗೆ ಸೊಸೆಯಾಗಿ ಬಂದವರು ಅಂಗನವಾಡಿ ಹುದ್ದೆಗೆ ಅರ್ಜಿ ಹಾಕುತ್ತಾರೆ. ಆಂಧ್ರದಲ್ಲಿ ಆ ಹುದ್ದೆಗೆ ಅದೇ ಊರಿನಲ್ಲಿ ವಾಸವಿರುವ ವಿವಾಹಿತ ಮಹಿಳೆ ಆಗಿರಬೇಕು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ. ನಮ್ಮ ಕಾಲದಲ್ಲಿ ಕರ್ನಾಟಕದ ಕಡೆ ಟಿ.ಸಿ.ಎಚ್. ಅಂತ ಇತ್ತು. ನಾನೂ ಅದನ್ನೇ ಮಾಡಿದ್ದು. ಆಮೇಲೆ ಅದು ಡಿ.ಇಡಿ. ಆಯಿತು, ಈಗ ಡಿ.ಇಎಲ್.ಇಡಿ. ಹೆಸರು ಬದಲಾದರೂ ಸೇರುವ ಹುಡುಗಿಯರ ಅಂಜಿಕೆ ಮಾತ್ರ ಬದಲಾಗಿಲ್ಲ.

ಈ ಅಂಜಿಕೆಗೆ ಮೂರು ಬೇರುಗಳಿವೆ ಅಂತ ನನಗೆ ಅನ್ನಿಸುತ್ತದೆ.

ಮೊದಲನೆಯದು ಕೆಲಸದ ಬಗ್ಗೆ ಇರುವ ಕೀಳರಿಮೆ. "ಮಕ್ಕಳ ಮೂಗು ಒರೆಸೋ ಕೆಲಸ", "ಗಂಜಿ ಕುಡಿಸಿ ಮಲಗಿಸೋ ಕೆಲಸ" ಅಂತ ನೆಂಟರಿಷ್ಟರು ಹೇಳುತ್ತಾರೆ. ಹೈಸ್ಕೂಲು ಮೇಷ್ಟ್ರು ಪ್ರೈಮರಿ ಮೇಷ್ಟ್ರನ್ನು ಒಂದು ಮೆಟ್ಟಿಲು ಕೆಳಗೆ ನೋಡುತ್ತಾರೆ, ಪ್ರೈಮರಿ ಮೇಷ್ಟ್ರು ಅಂಗನವಾಡಿ ಟೀಚರನ್ನು ಇನ್ನೊಂದು ಮೆಟ್ಟಿಲು ಕೆಳಗೆ ನೋಡುತ್ತಾರೆ. ನಮ್ಮ ವೃತ್ತಿಯಲ್ಲಿ ಮಗು ಎಷ್ಟು ಚಿಕ್ಕದೋ ಟೀಚರಿಗೆ ಮರ್ಯಾದೆಯೂ ಅಷ್ಟೇ ಕಡಿಮೆ. ವಿಚಿತ್ರ ಅಲ್ಲವೇ? ಡಾಕ್ಟರುಗಳಲ್ಲಿ ಮಕ್ಕಳ ಡಾಕ್ಟರಿಗೆ ಯಾರೂ ಮರ್ಯಾದೆ ಕಡಿಮೆ ಮಾಡುವುದಿಲ್ಲ!

ಎರಡನೆಯದು ಭಾಷೆಯ ಬಗ್ಗೆ. ಇದು ನಮ್ಮ ಗಡಿನಾಡಿನವರಿಗೆ ವಿಶೇಷವಾದ ನೋವು. ತುಮಕೂರಿಗೆ ತರಬೇತಿಗೆ ಹೋದರೆ "ನೀನು ಆಂಧ್ರದವಳಾ? ಅದಕ್ಕೇ ನಿನ್ನ ಕನ್ನಡ ಹಿಂಗಿದೆ" ಅನ್ನುತ್ತಾರೆ. ಅನಂತಪುರದ ಕಡೆ ಹೋದರೆ "ನಿಮ್ಮದು ಕನ್ನಡದವರ ತೆಲುಗು" ಅಂತ ನಗುತ್ತಾರೆ. ‘ಹಾಲು’ ಅನ್ನಲು ‘ಆಲು’ ಅಂದರೆ, ‘ಬಂದಿದ್ದಾಳೆ’ ಅನ್ನಲು ‘ಬಂದವ್ಳೆ’ ಅಂದರೆ ತರಗತಿಯೆಲ್ಲ ನಗುತ್ತದೆ. ಪಾಠ ಮಾಡಿ ತೋರಿಸುವ ದಿನ ಈ ಹುಡುಗಿ ಬಾಯಿ ತೆರೆಯುವುದಕ್ಕೇ ಹೆದರುತ್ತಾಳೆ. ಗಡಿಯಾಚೆಯ ಒಂದು ತರಬೇತಿ ಸಂಸ್ಥೆಯಲ್ಲಿ ನಮ್ಮ ಊರ ಕಡೆಯ ಹುಡುಗಿಯೊಬ್ಬಳು ಎರಡು ತಿಂಗಳು ಯಾರ ಜೊತೆಗೂ ಮಾತಾಡದೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು ಅಂತ ಅವಳ ಜೊತೆಯವರೇ ನನಗೆ ಹೇಳಿದ್ದಾರೆ. ದಡ್ಡಿಯಲ್ಲ ಅವಳು. ಊರಲ್ಲಿ ಇಡೀ ಬೀದಿಯ ಮಕ್ಕಳನ್ನು ಸೇರಿಸಿಕೊಂಡು ಆಟ ಆಡಿಸುತ್ತಿದ್ದವಳು.

ಮೂರನೆಯದು ಮನೆಯ ಒಳಗಿನದು. ಬಣ್ಣ ಕಪ್ಪು, ಎತ್ತರ ಕಡಿಮೆ, ಗಂಡು ಸಿಗಲಿಲ್ಲ, ಮದುವೆಯಾಗಿ ಮೂರು ವರ್ಷವಾದರೂ ಮಗುವಾಗಲಿಲ್ಲ, ಗಂಡ ಬಿಟ್ಟ, ಅಣ್ಣ ತಮ್ಮಂದಿರು ಓದಿ ಬೆಂಗಳೂರು ಸೇರಿದರು, ಇವಳು ಇಲ್ಲೇ ಉಳಿದಳು... ಈ ಮಾತುಗಳು ದಿನವೂ ಕಿವಿಗೆ ಬೀಳುತ್ತವೆ. ಈಗ ಅದರ ಜೊತೆ ಮೊಬೈಲ್ ಬೇರೆ. ಅಲ್ಲಿ ಎಲ್ಲರೂ ಚೆಂದವಾಗಿ, ಖುಷಿಯಾಗಿ, ದುಡ್ಡಿರುವವರಾಗಿ ಕಾಣುತ್ತಾರೆ. ರಾತ್ರಿ ಹನ್ನೊಂದಕ್ಕೆ ಅದನ್ನು ನೋಡಿ ಮಲಗಿದ ಹುಡುಗಿ ಬೆಳಗ್ಗೆ ಕನ್ನಡಿ ಮುಂದೆ ನಿಂತಾಗ ಏನು ಅಂದುಕೊಳ್ಳುತ್ತಾಳೆ, ನೀವೇ ಯೋಚಿಸಿ.

"ಇದೆಲ್ಲ ಅವರವರ ಸ್ವಂತ ವಿಷಯ. ತರಬೇತಿಗೂ ಇದಕ್ಕೂ ಏನು ಸಂಬಂಧ?" ಅಂತ ಕೆಲವರು ಕೇಳಬಹುದು. ಬೇರೆ ಕೆಲಸಕ್ಕೆ ಕಡಿಮೆ ಇರಬಹುದು. ಚಿಕ್ಕ ಮಕ್ಕಳ ಟೀಚರಿಗೆ ಮಾತ್ರ ಬಹಳ ಸಂಬಂಧವಿದೆ. ಯಾಕೆಂದರೆ ಮೂರು ವರ್ಷದ ಮಗು ಪುಸ್ತಕ ಓದುವುದಿಲ್ಲ, ಟೀಚರ್ ಮುಖ ಓದುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು ಮಾಡಿದ, 1978ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ತಾಯಿ ತನ್ನ ಎಳೆ ಮಗುವಿನ ಜೊತೆ ಮೊದಲು ನಕ್ಕು, ಮಾತಾಡಿ ಆಟ ಆಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವನೆಯನ್ನೂ ತೋರಿಸದೆ ಸುಮ್ಮನೆ ನೋಡುತ್ತಾಳೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಎದ್ದೂ ಹೋಗುವುದಿಲ್ಲ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಅಮ್ಮನನ್ನು ಮತ್ತೆ ತನ್ನ ಕಡೆ ಎಳೆಯಲು ನಾನಾ ವಿಧವಾಗಿ ಪ್ರಯತ್ನ ಮಾಡುತ್ತದೆ. ಏನೂ ಆಗದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ, ಕಂಗೆಡುತ್ತದೆ. ಕೆಲವೇ ನಿಮಿಷದ ಬಾಡಿದ ಮುಖಕ್ಕೇ ಮಗು ಹೀಗಾದರೆ, ದಿನಾ ನಾಲ್ಕೈದು ಗಂಟೆ ಸೋತ ಮುಖದ ಮುಂದೆ ಕೂರುವ ಮಕ್ಕಳ ಗತಿ ಏನು?

ಇನ್ನೊಬ್ಬರ ಹೆಸರೂ ಹೇಳಬೇಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆರ್ಥರ್ ಜರ್ಸಿಲ್ಡ್ ಅನ್ನುವ ಪ್ರೊಫೆಸರ್ ಇದ್ದರು. ಶಿಕ್ಷಕರು ತಮ್ಮನ್ನು ತಾವೇ ಎದುರಿಸಿ ನೋಡಿಕೊಳ್ಳುವುದರ ಬಗ್ಗೆ 1955ರಲ್ಲಿ ಒಂದು ಪುಸ್ತಕ ಬರೆದರು. ಅವರ ವಾದದ ತಿರುಳು ಸರಳ. ಮಕ್ಕಳಿಗೆ ತಮ್ಮನ್ನು ತಾವು ಅರಿಯಲು, ಒಪ್ಪಿಕೊಳ್ಳಲು ಕಲಿಸಬೇಕಾದರೆ ಟೀಚರ್ ಮೊದಲು ತನ್ನನ್ನು ಅರಿತು ಒಪ್ಪಿಕೊಂಡಿರಬೇಕು. ಟೀಚರಿಗೂ ಆತಂಕ, ಒಂಟಿತನ, ಸಿಟ್ಟು ಇರುತ್ತದೆ, ಅದನ್ನು ಮುಚ್ಚಿಟ್ಟುಕೊಂಡು ಪಾಠ ಮಾಡಿದರೆ ಅದು ಬೇರೆ ದಾರಿಯಲ್ಲಿ ಹೊರಗೆ ಬರುತ್ತದೆ. ನಮ್ಮ ಹಳ್ಳಿಯವರು ಇದನ್ನು ಎಂದೋ ಹೇಳಿದ್ದಾರೆ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ. ಅಂಗನವಾಡಿಯಲ್ಲಿ ಆ ಕೊತ್ತಿ ಯಾರು? ಮೂರು ವರ್ಷದ ಮಗು.

ಇದು ನಮ್ಮ ಊರಿನಲ್ಲಿ ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಕೊಡ್ತೀನಿ. ಒಂದು ಮಗು ಬಂದು "ಟೀಚರ್, ನಮ್ಮನೆ ಅಸು ಕರ ಆಕೈತೆ" ಅನ್ನುತ್ತದೆ. ಎಂಥ ದೊಡ್ಡ ಸುದ್ದಿ ಅದು! ಮಗುವಿನ ಕಣ್ಣಲ್ಲಿ ಹಬ್ಬ. ತನ್ನ ಮಾತಿನ ಬಗ್ಗೆ ನಾಚಿಕೆ ಇಲ್ಲದ ಟೀಚರ್ "ಹೌದಾ! ಕರು ಏನ್ ಬಣ್ಣ? ಹೆಸರು ಏನ್ ಇಟ್ರಿ?" ಅಂತ ಕೇಳುತ್ತಾಳೆ. ಮಗು ಹತ್ತು ವಾಕ್ಯ ಮಾತಾಡುತ್ತದೆ. ಆ ಹತ್ತು ವಾಕ್ಯದ ನಡುವೆ ಟೀಚರ್ ಬಾಯಿಂದ ‘ಹಸು’ ಅನ್ನುವ ಪದವನ್ನು ನಾಲ್ಕು ಸಲ ಕೇಳಿಸಿಕೊಂಡು ತಾನೇ ಕಲಿಯುತ್ತದೆ. ತನ್ನ ಮಾತಿಗಾಗಿ ನಗೆಪಾಟಲಾಗಿ ಬಂದ ಟೀಚರ್ ಏನು ಮಾಡುತ್ತಾಳೆ? "ಅಸು ಅಲ್ಲ, ಹಸು. ಹೇಳು, ಹ... ಹ..." ಅನ್ನುತ್ತಾಳೆ. ಕರುವಿನ ಸುದ್ದಿ ಅಲ್ಲಿಗೇ ಸತ್ತುಹೋಗುತ್ತದೆ. ಮಗು ಅವತ್ತು ಒಂದು ಪಾಠ ಕಲಿಯುತ್ತದೆ, ‘ನಮ್ಮನೆ ಮಾತು ಸ್ಕೂಲಲ್ಲಿ ಆಡಬಾರದು’ ಅಂತ. ಟೀಚರಿಗೆ ತುಮಕೂರಿನಲ್ಲಿ ಆದ ಗಾಯ ರೊಳ್ಳದ ಮಗುವಿಗೆ ಹೀಗೆ ಬಂದು ತಗಲುತ್ತದೆ.

ಅದೇ ಮಗು ಐದು ವರ್ಷ ತುಂಬಿ ನಮ್ಮ ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬರಬೇಕಲ್ಲವೇ? ಬಾಯಿ ಮುಚ್ಚಿಕೊಂಡು ಬರುತ್ತದೆ. ಇಲ್ಲವೇ ಬರುವುದೇ ಇಲ್ಲ. ತಂದೆ ತಾಯಿ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತಿಸುತ್ತಾರೆ. ಹಾಗಾಗಿ ಅಂಗನವಾಡಿ ಟೀಚರಿನ ಆತ್ಮವಿಶ್ವಾಸ ನಮ್ಮ ಕನ್ನಡ ಶಾಲೆಗಳ ಉಳಿವಿನ ಪ್ರಶ್ನೆಯೂ ಹೌದು. ಮೇಲಿನ ತರಗತಿಗಳಿಗೆ ಪುಸ್ತಕ ಬರಲಿಲ್ಲ, ಪೋಸ್ಟ್ ತುಂಬಲಿಲ್ಲ ಅಂತ ನಾವು ಕೂಗುತ್ತೇವೆ, ಕೂಗಲೇಬೇಕು. ಆದರೆ ಬುಡದಲ್ಲಿ ಕೂತಿರುವ ಈ ಹೆಣ್ಣುಮಗಳನ್ನು ನಾವು ನೋಡಿಯೇ ಇಲ್ಲ.

ಭಾಷೆಯ ವಿಚಾರದಲ್ಲಿ ನಮ್ಮ ಹುಡುಗಿಯರಿಗೆ ಒಂದೆರಡು ಮಾತು. ನಿಮ್ಮ ಕನ್ನಡ ಯಾರದೋ ಎಂಜಲಲ್ಲ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಅನ್ನುವ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಸಾವಿರ ವರ್ಷದ ಹಿಂದಿನ ಕನ್ನಡ ಶಾಸನಗಳು ಅಲ್ಲಿವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಹೋದವು, ರಾಯದುರ್ಗ ಆಂಧ್ರದಲ್ಲಿ ಉಳಿಯಿತು. ಮಡಕಶಿರಾ ಮೊದಲಿಂದಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರ ಏಪ್ರಿಲ್‌ನಿಂದ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರು. ಗೆರೆಗಳು ಓಡಾಡಿದವು, ಮಾತು ಇದ್ದಲ್ಲೇ ಇತ್ತು. ನಾವು ಎಲ್ಲಿಂದಲೋ ಬಂದವರಲ್ಲ.

ಹಾಗಂತ ತೆಲುಗನ್ನು ದೂರ ಇಡಬೇಕು ಅಂತ ನಾನು ಹೇಳುತ್ತಿಲ್ಲ. ಎರಡು ಭಾಷೆ ಬರುವುದು ಕೊರತೆಯಲ್ಲ, ಆಸ್ತಿ. ನಮ್ಮ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು, ಕನ್ನಡದಲ್ಲೂ ಬರೆದರು, ಸಂಗೀತದಲ್ಲೂ ದೊಡ್ಡ ವಿದ್ವಾಂಸರಾದರು. ಎರಡೂ ಕಡೆಯವರು ಅವರನ್ನು ‘ನಮ್ಮವರು’ ಅಂತಲೇ ಅಂದರು. ನಮ್ಮ ಅಂಗನವಾಡಿಯಲ್ಲಿ ಒಂದು ಮಗು ಕನ್ನಡ, ಇನ್ನೊಂದು ತೆಲುಗು, ಮತ್ತೊಂದು ಉರ್ದು ಮಾತಾಡುತ್ತದೆ. ಮೂರೂ ಮಕ್ಕಳನ್ನು ನಗಿಸಬಲ್ಲ ಟೀಚರ್ ಬೆಂಗಳೂರಿನ ದೊಡ್ಡ ಶಾಲೆಯಲ್ಲೂ ಸಿಗುವುದು ಕಷ್ಟ. ನಮ್ಮ ಹುಡುಗಿಯರಿಗೆ ಅದು ಅಡುಗೆಗೆ ಉಪ್ಪು ಹಾಕಿದಷ್ಟು ಸುಲಭ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕು ಅಂತ ಭಾಷಾ ಅಲ್ಪಸಂಖ್ಯಾತರ ಮಕ್ಕಳ ಬಗ್ಗೆ ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿಸಿದ ವಿಧಿ ಅದು. ಅಂಗನವಾಡಿಯ ಟೀಚರ್ ಕನ್ನಡದಲ್ಲಿ ಕಥೆ ಹೇಳಿದಾಗ ಆ ವಿಧಿಯ ಮೊದಲ ಮೆಟ್ಟಿಲು ಹತ್ತಿಸಿದಂತೆ.

ಈಗ ಕೆಲಸದ ಮರ್ಯಾದೆಯ ಮಾತಿಗೆ ಬರೋಣ. ‘ಬರೀ ಅಂಗನವಾಡಿ’ ಅನ್ನುವವರು ಈ ಕೆಲಸ ಮಾಡಿದವರ ಚರಿತ್ರೆ ಕೇಳಬೇಕು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಜನ ಅವರನ್ನು ಪ್ರೀತಿಯಿಂದ ‘ಮೀಸೆಯ ಅಮ್ಮ’ ಅಂತ ಕರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ ಬಡ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ಮಕ್ಕಳು ಬರಲಿಲ್ಲ ಅಂದರೆ ಮಕ್ಕಳ ಅಂಗಳಕ್ಕೇ ಶಾಲೆ ತೆಗೆದುಕೊಂಡು ಹೋದರು. ಅಂಗನವಾಡಿ ಅನ್ನುವ ಹೆಸರು ಆ ಅಂಗಳದಿಂದ ಬಂದದ್ದು. 1962ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರ ಜೊತೆಗಾರ್ತಿ ಅನುತಾಯಿ ವಾಘ್ ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದವರು. ಅಂಥವಳ ಬದುಕು ಮುಗಿಯಿತು ಅಂತ ಲೋಕ ಅನ್ನುತ್ತಿದ್ದ ಕಾಲ ಅದು. ಅವರು ಕೋಸಬಾಡದ ಗುಡ್ಡದಲ್ಲಿ ಆದಿವಾಸಿ ಮಕ್ಕಳ ಜೊತೆ ಆಯಸ್ಸು ಕಳೆದರು, ಪದ್ಮಶ್ರೀ ಪಡೆದರು. ಮನೆಯವರು ‘ಇವಳ ಹಣೆಬರಹ’ ಅಂತ ಕೈಬಿಟ್ಟ ಹುಡುಗಿಯರು ನಮ್ಮ ಊರಲ್ಲೂ ಇದ್ದಾರಲ್ಲ, ಅವರಿಗೆ ಈ ಹೆಸರನ್ನು ಖಂಡಿತ ಹೇಳಿ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐ.ಸಿ.ಡಿ.ಎಸ್. ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಮೊದಲು ಬಂತು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೋಷಣೆ-ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆಗಳು ಒಬ್ಬ ಹೆಣ್ಣುಮಗಳ ಸೆರಗಿಗೆ ಕಟ್ಟಿದ ಯೋಜನೆ ಅದು. ತೂಕ ಮಾಡಬೇಕು, ಮೊಟ್ಟೆ ಎಣಿಸಬೇಕು, ರಿಜಿಸ್ಟರ್ ಬರೆಯಬೇಕು, 2021ರಿಂದ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ ಬೇರೆ. ನೆಟ್‌ವರ್ಕ್ ಸಿಗದೆ ಮನೆ ಮಹಡಿ ಹತ್ತಿ ಫೋನ್ ಎತ್ತಿ ಹಿಡಿದುಕೊಂಡು ನಿಂತ ಟೀಚರನ್ನು ನಮ್ಮ ಊರಲ್ಲಿ ಯಾರು ನೋಡಿಲ್ಲ ಹೇಳಿ? ಇಷ್ಟೆಲ್ಲ ಮಾಡುವವಳ ಕೆಲಸ ‘ಬರೀ’ ಆದೀತೆ?

ಇಲ್ಲಿ ಒಂದು ಮುಖ್ಯವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. "ಮೊದಲು ಹೊಟ್ಟೆಗೆ ಕೊಡಿ ಮೇಷ್ಟ್ರೇ, ಮನಸ್ಸಿನ ಮಾತು ಆಮೇಲೆ" ಅನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯ ಗೌರವಧನವನ್ನು 4,500 ರೂಪಾಯಿಗೆ ಏರಿಸಿತು. ನಮ್ಮ ರಾಜ್ಯದಲ್ಲಿ ರಾಜ್ಯದ ಪಾಲೂ ಸೇರಿ 2019ರಲ್ಲಿ 11,500 ಆಯಿತು. ಸಂಬಳ ಹೆಚ್ಚಿಸಿ, ಗ್ರಾಚ್ಯುಟಿ ಕೊಡಿ ಅಂತ 2023ರ ಡಿಸೆಂಬರ್ 12ರಿಂದ 42 ದಿನ ಆಂಧ್ರದ ಅಂಗನವಾಡಿಯವರು ಮುಷ್ಕರ ಮಾಡಿದರು. ಸರ್ಕಾರ ಎಸ್ಮಾ ಹಾಕಿದರೂ ಅವರು ಹೆದರಲಿಲ್ಲ. ಅದಕ್ಕೂ ಮುಂಚೆ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಅಂತ ತೀರ್ಪು ಕೊಟ್ಟಿತ್ತು.

ನನ್ನ ಪ್ರಶ್ನೆ ಇಷ್ಟೇ. 42 ದಿನ ಬೀದಿಯಲ್ಲಿ ಕೂರುವ ಧೈರ್ಯ ಯಾರಿಗೆ ಬರುತ್ತದೆ? ತನ್ನ ಕೆಲಸಕ್ಕೆ ಬೆಲೆ ಇದೆ ಅಂತ ನಂಬಿದವಳಿಗೆ ಬರುತ್ತದೆ. ‘ನಂದು ಬರೀ ಮೂಗು ಒರೆಸೋ ಕೆಲಸ’ ಅಂದುಕೊಂಡವಳು ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರುತ್ತಾಳೆ. ತನ್ನನ್ನು ತಾನು ಒಪ್ಪಿಕೊಳ್ಳುವುದು ಅಂದರೆ ಇದ್ದದ್ದನ್ನೆಲ್ಲ ಸಹಿಸಿಕೊಂಡು ಕೂರುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಇಂಥವಳು, ನನಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ, ಬಾರದ್ದನ್ನು ಕಲಿಯುತ್ತೇನೆ, ನನ್ನ ಮರ್ಯಾದೆ ಮಾತ್ರ ಬಿಡುವುದಿಲ್ಲ ಅನ್ನುವುದೇ ಅದರ ಅರ್ಥ. ಹೊಟ್ಟೆಯ ಹೋರಾಟಕ್ಕೂ ಮನಸ್ಸಿನ ಬಲವೇ ಬಂಡವಾಳ.

ಕೆಲಸ ಸಿಗದ ನೋವೂ ಇದೆ. ನಮ್ಮ ರಾಜ್ಯದಲ್ಲಿ 2018ರ ಡಿ.ಎಸ್.ಸಿ. ಆದ ಮೇಲೆ ಮುಂದಿನ ನೇಮಕಾತಿ ನಡೆದದ್ದು 2025ರ ಮೆಗಾ ಡಿ.ಎಸ್.ಸಿ.ಯಲ್ಲಿ, 16,347 ಹುದ್ದೆಗಳಿಗೆ. ನಡುವೆ ಏಳು ವರ್ಷ. ಇಪ್ಪತ್ತೆರಡಕ್ಕೆ ತರಬೇತಿ ಮುಗಿಸಿದ ಹುಡುಗಿ ಇಪ್ಪತ್ತೊಂಬತ್ತಾಗುವವರೆಗೆ "ಇನ್ನೂ ಕೆಲಸ ಆಗಲಿಲ್ವಾ?" ಅನ್ನುವ ಪ್ರಶ್ನೆಗೆ ಉತ್ತರ ಹೇಳುತ್ತಾ ಕೂರಬೇಕು. ಅದರಲ್ಲಿ ಅವಳ ತಪ್ಪು ಏನಿದೆ? ನೋಟಿಫಿಕೇಶನ್ ಬಾರದ್ದು ಸರ್ಕಾರದ ವಿಷಯ. ಅವಳು ಮಾತ್ರ ತನ್ನನ್ನೇ ಸೋತವಳು ಅಂದುಕೊಳ್ಳುತ್ತಾಳೆ. ಯಾವುದು ನನ್ನ ಕೈಲಿದೆ, ಯಾವುದು ಇಲ್ಲ ಅಂತ ಬೇರೆ ಮಾಡಿ ನೋಡಲು ಯಾರಾದರೂ ಅವಳಿಗೆ ಕಲಿಸಬೇಕು. ತರಬೇತಿಯಲ್ಲಿ ಅದನ್ನು ಕಲಿಸುತ್ತೇವಾ? ಪಿಯಾಜೆ ಯಾವ ಹಂತಕ್ಕೆ ಏನು ಹೇಳಿದ ಅಂತ ಕಲಿಸುತ್ತೇವೆ, ಅದೂ ಬೇಕು. ಮಗುವಿನ ಮನಸ್ಸಿಗೆ ಒಂದು ಪೇಪರ್ ಇದೆ, ಟೀಚರ್ ಮನಸ್ಸಿಗೆ ಸಿಗುವ ಗಮನ ಮಾತ್ರ ಸಾಲದು.

ಹಿಂದೆ ಐ.ಸಿ.ಡಿ.ಎಸ್.ನಲ್ಲಿ ಕಾರ್ಯಕರ್ತೆಗೆ 26 ಕೆಲಸದ ದಿನಗಳ ತರಬೇತಿ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿ.ಯು.ಸಿ. ಅಥವಾ ಹೆಚ್ಚು ಓದಿದ ಅಂಗನವಾಡಿ ಟೀಚರಿಗೆ 6 ತಿಂಗಳ ಸರ್ಟಿಫಿಕೇಟ್, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಹೇಳಿತು. 2023ರಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಅಂತ ಕಾರ್ಯಕ್ರಮ ಬಂತು. ಎಲ್ಲದರಲ್ಲೂ ಮಗುವಿನ ಪೋಷಣೆ, ಮಗುವಿನ ಆಟ, ಮಗುವಿನ ಮಿದುಳು. ಒಳ್ಳೆಯದೇ. ಆದರೆ ದೀಪಕ್ಕೆ ಎಣ್ಣೆ ಹಾಕದೆ ಬತ್ತಿ ಎಷ್ಟು ಉದ್ದ ಮಾಡಿದರೂ ಬೆಳಕು ಎಲ್ಲಿಂದ ಬರಬೇಕು?

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ, ದುಡ್ಡೂ ಬೇಡ. ನನಗೆ ತೋಚಿದ್ದನ್ನು ಹೇಳುತ್ತೇನೆ.

ತರಬೇತಿ ಕೊಡುವವರಿಗೆ: ವಾರಕ್ಕೆ ಒಂದು ಪೀರಿಯಡ್, ಶನಿವಾರ ಮಧ್ಯಾಹ್ನವಾದರೂ ಸರಿ, ಹುಡುಗಿಯರನ್ನು ದುಂಡಗೆ ಕೂರಿಸಿ ಮಾತಾಡಲು ಬಿಡಿ. ಅಂಕ ಇಲ್ಲ, ವರದಿ ಇಲ್ಲ, ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಅನ್ನುವ ಒಂದೇ ನಿಯಮ. ಪಾಠ ಮಾಡಿ ತೋರಿಸಿದ ಮೇಲೆ ತಪ್ಪು ಹೇಳುವ ಮೊದಲು ಚೆನ್ನಾಗಿದ್ದ ಒಂದು ಸಂಗತಿ ಹೇಳಿ. ಉಚ್ಚಾರಣೆ ತಿದ್ದುವುದಿದ್ದರೆ ಎಲ್ಲರ ಮುಂದೆ ಬೇಡ, ಪಕ್ಕಕ್ಕೆ ಕರೆದು ಹೇಳಿ. ಗಡಿಯಿಂದ ಬಂದ ಹುಡುಗಿಗೆ ಅವಳ ಊರಿನ ಜೋಗುಳ, ಒಗಟು, ಆಟದ ಪದ ಹೇಳಿಸಿ, ಬೇರೆಯವರು ಅದನ್ನು ಬರೆದುಕೊಳ್ಳಲಿ. ಕಲಿಯಲು ಬಂದವಳು ಅವತ್ತು ಕಲಿಸುವವಳಾಗುತ್ತಾಳೆ. ಇನ್ನೊಂದು ಮಾತು, ಹೇಳಲು ಸಂಕೋಚ ಆದರೂ ಹೇಳಬೇಕು. ಬಾಗಿಲಿರುವ, ನೀರಿರುವ ಶೌಚಾಲಯ ಇಲ್ಲದ ಕಡೆ ಹುಡುಗಿಯರು ಬೆಳಗಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ತಲೆನೋವು, ಉರಿಮೂತ್ರ, ಸಿಡಿಮಿಡಿ ಎಲ್ಲ ಅಲ್ಲಿಂದ ಶುರು. ಕ್ಷೇಮ ಅನ್ನುವುದು ಭಾಷಣಕ್ಕಿಂತ ಮೊದಲು ಒಂದು ಚಿಲಕದಿಂದ ಆರಂಭವಾಗುತ್ತದೆ.

ತರಬೇತಿ ಪಡೆಯುವ ನಮ್ಮ ತಂಗಿಯರಿಗೆ: ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ರಾತ್ರಿ ಮಲಗುವ ಮುಂಚೆ ಇವತ್ತು ಯಾವುದು ಚೆನ್ನಾಗಿ ಆಯಿತು, ಯಾವುದು ಆಗಲಿಲ್ಲ, ನಾಳೆ ಏನು ಮಾಡ್ತೀನಿ, ಮೂರೇ ಸಾಲು ಬರೆಯಿರಿ. ಆಗಲಿಲ್ಲ ಅನ್ನುವುದನ್ನು ಬರೆಯುವಾಗ ನಿಮ್ಮ ಗೆಳತಿಗೆ ಹೇಗೆ ಹೇಳುತ್ತಿದ್ದಿರೋ ಅದೇ ದನಿಯಲ್ಲಿ ಬರೆಯಿರಿ. ಗೆಳತಿಗೆ "ನೀನು ದಂಡ" ಅಂತ ಹೇಳುತ್ತೀರಾ? ಹಾಗಾದರೆ ನಿಮಗೆ ನೀವು ಯಾಕೆ ಹೇಳಿಕೊಳ್ಳಬೇಕು? ಇಂಗ್ಲೆಂಡಿನ ಮಕ್ಕಳ ವೈದ್ಯ ವಿನ್ನಿಕಾಟ್ ಹೇಳಿದ ಒಂದು ಮಾತು ತಿಳಿದಿರಲಿ. ಮಗುವಿಗೆ ಕೊರತೆಯೇ ಇಲ್ಲದ ತಾಯಿ ಬೇಕಾಗಿಲ್ಲ, ತಕ್ಕಮಟ್ಟಿಗೆ ಒಳ್ಳೆಯ ತಾಯಿ ಸಾಕು ಅನ್ನುವುದು ಅವರ ಅಭಿಪ್ರಾಯ. ಟೀಚರಿಗೂ ಅದೇ ಅನ್ವಯ. ಹಾಡಲು ಬಾರದಿದ್ದರೆ ಕಥೆ ಹೇಳಿ. ಚಿತ್ರ ಬರೆಯಲು ಬಾರದಿದ್ದರೆ ಮಣ್ಣಲ್ಲಿ ಬೊಂಬೆ ಮಾಡಿ. ಎಲ್ಲವೂ ಬರುವ ಟೀಚರ್ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ.

ದುಃಖ ಹದಿನೈದು ದಿನವಾದರೂ ಇಳಿಯದಿದ್ದರೆ, ನಿದ್ದೆ ಊಟ ಸೇರದಿದ್ದರೆ, ಬದುಕು ಬೇಡ ಅನ್ನಿಸಿದರೆ ಅದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಜ್ವರಕ್ಕೆ ಡಾಕ್ಟರ್ ಹತ್ತಿರ ಹೋಗುವ ಹಾಗೆ ಇದಕ್ಕೂ ಹೋಗಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ. ನಂಬರ್ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಈ ನಂಬರನ್ನು ನಿಮ್ಮ ಶಾಲೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ ಅಂತ ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ.

ನಮ್ಮ ಕನ್ನಡ ಶಾಲೆಗಳ ಮೇಷ್ಟ್ರು, ಮೇಡಂಗಳಿಗೆ: ಪಕ್ಕದ ಅಂಗನವಾಡಿ ಟೀಚರನ್ನು ಸ್ಟಾಫ್ ರೂಮಿಗೆ ಕರೆದು ಕೂರಿಸಿ ಟೀ ಕೊಡಿ. ಆಗಸ್ಟ್ 15ಕ್ಕೆ, ರಾಜ್ಯೋತ್ಸವಕ್ಕೆ, ಟೀಚರ್ಸ್ ಡೇಗೆ ವೇದಿಕೆ ಮೇಲೆ ಅವರಿಗೂ ಒಂದು ಕುರ್ಚಿ ಹಾಕಿ. ನಿಮ್ಮ ಒಂದನೇ ತರಗತಿಗೆ ಮಕ್ಕಳನ್ನು ಮಾತು ಕಲಿಸಿ ಕಳಿಸುವವರು ಅವರೇ. ಟ್ರೈನಿಂಗಿಗೆ ಹೋಗುವ ಹುಡುಗಿ ರಜೆಗೆ ಊರಿಗೆ ಬಂದಾಗ ಅವಳಿಂದ ನಮ್ಮ ಮಕ್ಕಳಿಗೆ ಒಂದು ಗಂಟೆ ಆಟ ಆಡಿಸಿ. ಊರ ಮಕ್ಕಳು "ಟೀಚರ್" ಅಂತ ಮೊದಲ ಸಲ ಕರೆದಾಗ ಆ ಹುಡುಗಿಯ ಬೆನ್ನು ತಾನಾಗಿ ನೇರವಾಗುತ್ತದೆ.

ಕೊನೆಗೆ ಅಪ್ಪ ಅಮ್ಮಂದಿರಿಗೆ, ಅತ್ತೆ ಮಾವಂದಿರಿಗೆ: ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟಾಗ ಜನ ಸೆಗಣಿ ಎರಚಿದರು, ಆಕೆ ಬದಲಿ ಸೀರೆ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು ಅಂತ ಹೇಳುತ್ತಾರೆ. ಇವತ್ತು ಯಾರೂ ಸೆಗಣಿ ಎರಚುವುದಿಲ್ಲ, ಮಾತು ಎರಚುತ್ತಾರೆ. ಅದನ್ನು ತೊಳೆಯಲು ಬದಲಿ ಸೀರೆ ಸಾಲದು. ಮನೆಯವರ ಒಂದು ಒಳ್ಳೆ ಮಾತು ಬೇಕು. ಸಂಜೆ ಕೊನೇ ಬಸ್ಸಿಗೆ ಬಂದ ಮಗಳಿಗೆ, ಸೊಸೆಗೆ "ಇವತ್ತು ಮಕ್ಕಳು ಏನ್ ಮಾಡಿದ್ರಮ್ಮ?" ಅಂತ ಒಂದು ಮಾತು ಕೇಳಿ. ಪಾತ್ರೆ ಒಂದು ದಿನ ಅಣ್ಣನೂ ತೊಳೆಯಲಿ, ಏನೂ ಆಗುವುದಿಲ್ಲ. ಯಾರಾದರೂ ನೆಂಟರು ಬಂದು ಮಗಳು ಏನು ಓದುತ್ತಿದ್ದಾಳೆ ಅಂತ ಕೇಳಿದರೆ, "ಚಿಕ್ಕ ಮಕ್ಕಳಿಗೆ ಟೀಚರ್ ಆಗೋಕೆ ಓದ್ತಾವ್ಳೆ" ಅಂತ ಪೂರ್ತಿ ವಾಕ್ಯ ಹೇಳಿ. ನಮ್ಮ ಕನ್ನಡದಲ್ಲೇ ಹೇಳಿ, ಗಟ್ಟಿಯಾಗಿ ಹೇಳಿ. ಒಳಗೆ ಅಡುಗೆಮನೆಯಲ್ಲಿ ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ.